ರೆಸಿಡೆಂಟ್ ಇಲ್ಲದ ರಾಜ್ಯ: ಜೊಹೊರ್‌ನ ಸುಲ್ತಾನ ಅಬು ಬಕರ್ ಬ್ರಿಟಿಷರ ನಡುವೆ ಆಳಿದ ಬಗೆ

2024ರ ಜನವರಿ 31ರಂದು ಜೊಹೊರ್ ರಾಜ್ಯದ ಸುಲ್ತಾನ ಇಬ್ರಾಹಿಂ ಇಸ್ಕಂದರ್ ಅವರು ಮಲೇಷ್ಯಾದ ಹದಿನೇಳನೆಯ ದೊರೆಯಾಗಿ ಅಧಿಕಾರ ವಹಿಸಿಕೊಂಡರು. ಆ ದೇಶದಲ್ಲಿ ಒಂಬತ್ತು ರಾಜಮನೆತನಗಳಿವೆ. ಅವುಗಳ ಮುಖ್ಯಸ್ಥರು ಸರದಿಯ ಪ್ರಕಾರ ಐದೈದು ವರ್ಷ ಇಡೀ ದೇಶದ ದೊರೆಯಾಗುತ್ತಾರೆ. ಮರುವರ್ಷದ ಜನವರಿಯಲ್ಲಿ ಜೊಹೊರ್ ಹಾಗೂ ಸಿಂಗಾಪುರಗಳನ್ನು ಸೇರಿಸಿದ ವಿಶೇಷ ಆರ್ಥಿಕ ವಲಯದ ಒಪ್ಪಂದಕ್ಕೂ ಸಹಿ ಬಿದ್ದಿತು. ಹೀಗೆ ಮತ್ತೆ ಮತ್ತೆ ಕಿವಿಗೆ ಬೀಳತೊಡಗಿದ ಈ ರಾಜ್ಯದ ಬಗ್ಗೆ ಓದಲು ಹೊರಟವರಿಗೆ ಮೊದಲು ಎದುರಾಗುವ ವಿಚಿತ್ರ ಸಂಗತಿಯೆಂದರೆ, ಮಲೇಷ್ಯಾದ ರಾಜ್ಯಗಳ ಪೈಕಿ ತನ್ನದೇ ಆದ ಸೇನಾಪಡೆಯನ್ನು ಇಂದಿಗೂ ಉಳಿಸಿಕೊಂಡಿರುವುದು ಜೊಹೊರ್ ಒಂದೇ. ಆ ಪಡೆ ಹುಟ್ಟಿದ್ದು 1886ರಲ್ಲಿ. ಅಲ್ಲಿನ ಲಿಖಿತ ಸಂವಿಧಾನ 1895ರದು. ಅಂದರೆ ಮಲೇಷ್ಯಾ ಎಂಬ ದೇಶಕ್ಕಿಂತ ಬಹಳ ಹಳೆಯದು.

ಬ್ರಿಟಿಷರು ನೆರೆಹೊರೆಯ ರಾಜ್ಯಗಳನ್ನೆಲ್ಲ ಒಂದೊಂದಾಗಿ ಹಿಡಿತಕ್ಕೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಸಿಂಗಾಪುರದ ಬ್ರಿಟಿಷ್ ಗವರ್ನರನ ಮನೆಯಿಂದ ಒಂದು ಜಲಸಂಧಿಯಷ್ಟೇ ದೂರದಲ್ಲಿದ್ದ ರಾಜ್ಯಕ್ಕೆ ಸ್ವಂತ ಸೇನೆ, ಸ್ವಂತ ಸಂವಿಧಾನ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ, ಈಗಿನ ದೊರೆಯ ಮುತ್ತಜ್ಜನ ತಂದೆಯಾದ ಸುಲ್ತಾನ ಅಬು ಬಕರ್‌ನ ಬದುಕಿನಲ್ಲಿದೆ. ಆತ 1862ರಿಂದ 1895ರವರೆಗೆ ಮೂವತ್ತಮೂರು ವರ್ಷ ಜೊಹೊರನ್ನು ಆಳಿದನು. ಅಧಿಕಾರ ಹಿಡಿದಾಗ ಅವನು ಸುಲ್ತಾನನಾಗಿರಲಿಲ್ಲ, ಸುಲ್ತಾನನ ಮಗನೂ ಆಗಿರಲಿಲ್ಲ.

ಒಂದು ರಾಜ್ಯ ಎರಡಾದದ್ದು

ಮಲಯ ಪರ್ಯಾಯದ್ವೀಪದ ತುತ್ತತುದಿಯಲ್ಲಿರುವ ಇಂದಿನ ಜೊಹೊರ್, ಹಳೆಯ ಜೊಹೊರ್ ಸಾಮ್ರಾಜ್ಯದ ಒಂದು ತುಂಡು ಮಾತ್ರ. 1511ರಲ್ಲಿ ಪೋರ್ಚುಗೀಸರು ಮೆಲಕ ಬಂದರನ್ನು ಗೆದ್ದುಕೊಂಡ ಮೇಲೆ ಅಲ್ಲಿನ ರಾಜವಂಶದವರು ದಕ್ಷಿಣಕ್ಕೆ ಸರಿದು ಕಟ್ಟಿದ ರಾಜ್ಯ ಅದು. ಜೊಹೊರ್, ಪಹಾಂಗ್, ಸಿಂಗಾಪುರ ಹಾಗೂ ಈಗ ಇಂಡೋನೇಷ್ಯಾದಲ್ಲಿರುವ ರಿಯಾವು ದ್ವೀಪಗಳು ಅದರೊಳಗೆ ಸೇರಿದ್ದವು. ಸುಲ್ತಾನನ ಕೈಕೆಳಗೆ ಇಬ್ಬರು ದೊಡ್ಡ ಅಧಿಕಾರಿಗಳಿದ್ದರು: ಬೆಂದಹಾರ ಎಂಬ ಪ್ರಧಾನ ಮಂತ್ರಿ ಪಹಾಂಗನ್ನು ನೋಡಿಕೊಳ್ಳುತ್ತಿದ್ದನು; ತೆಮೆಂಗ್ಗೊಂಗ್ ಎಂಬ ರಕ್ಷಣಾಧಿಕಾರಿಗೆ ಜೊಹೊರ್ ಮತ್ತು ಸಿಂಗಾಪುರಗಳ ಉಸ್ತುವಾರಿ ಇತ್ತು. ಎರಡೂ ಹುದ್ದೆಗಳು ವಂಶಪಾರಂಪರ್ಯವಾಗಿದ್ದವು.

1812ರಲ್ಲಿ ಸುಲ್ತಾನ ಮಹಮೂದ್ ತೀರಿಕೊಂಡಾಗ ಅವನ ಇಬ್ಬರು ಮಕ್ಕಳಲ್ಲಿ ಪಟ್ಟ ಯಾರದೆಂಬ ತಕರಾರು ಎದ್ದಿತು. ಕಿರಿಯ ಮಗ ಅಬ್ದುಲ್ ರಹಮಾನ್ ರಿಯಾವುವಿನಲ್ಲಿ ಸುಲ್ತಾನನಾದನು; ಹಿರಿಯ ಮಗ ಹುಸೇನ್ ಬರಿಗೈಯಲ್ಲಿ ಉಳಿದನು. ಈಸ್ಟ್ ಇಂಡಿಯಾ ಕಂಪನಿಯ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್‌ಗೆ ಸಿಂಗಾಪುರದಲ್ಲಿ ಬಂದರು ತೆರೆಯಲು ಯಾರಾದರೊಬ್ಬ ಸುಲ್ತಾನನ ಸಹಿ ಬೇಕಾಗಿತ್ತು. ರಿಯಾವುವಿನ ಸುಲ್ತಾನ ಡಚ್ಚರ ಪ್ರಭಾವದಲ್ಲಿದ್ದುದರಿಂದ, ರ‍್ಯಾಫಲ್ಸ್ ಹುಸೇನನನ್ನು ಕರೆತಂದು ಅವನನ್ನೇ ಜೊಹೊರ್‌ನ ಸುಲ್ತಾನನೆಂದು ಘೋಷಿಸಿ, 1819ರ ಫೆಬ್ರವರಿ 6ರಂದು ಒಪ್ಪಂದ ಮಾಡಿಕೊಂಡನು. ಆ ಒಪ್ಪಂದಕ್ಕೆ ಸಹಿ ಹಾಕಿದ ಇನ್ನೊಬ್ಬನೇ ತೆಮೆಂಗ್ಗೊಂಗ್ ಅಬ್ದುಲ್ ರಹಮಾನ್, ನಮ್ಮ ಕಥಾನಾಯಕನ ಅಜ್ಜ. ಐದು ವರ್ಷಗಳ ಬಳಿಕ, 1824ರಲ್ಲಿ, ಬ್ರಿಟಿಷರೂ ಡಚ್ಚರೂ ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಸಿಂಗಾಪುರ ಜಲಸಂಧಿಯನ್ನು ಗಡಿಯಾಗಿ ಇಟ್ಟುಕೊಂಡರು. ದಕ್ಷಿಣದ ದ್ವೀಪಗಳು ಡಚ್ಚರ ಪಾಲಿಗೆ, ಉತ್ತರದ ನೆಲ ಬ್ರಿಟಿಷರ ಪ್ರಭಾವಕ್ಕೆ ಬಂದವು. ಯಾವ ಮಲಯ ದೊರೆಯನ್ನೂ ಕೇಳದೆ ಒಂದು ಸಾಮ್ರಾಜ್ಯ ಎರಡು ಹೋಳಾಯಿತು.

ಹುಸೇನನಿಗೆ ಸುಲ್ತಾನನೆಂಬ ಬಿರುದು ಉಳಿಯಿತು, ಆದಾಯ ಉಳಿಯಲಿಲ್ಲ. ತೆಮೆಂಗ್ಗೊಂಗ್ ಮನೆತನಕ್ಕೆ ಬಿರುದು ಚಿಕ್ಕದಾದರೂ ಜೊಹೊರ್‌ನ ಕಾಡು ಕೈಯಲ್ಲಿತ್ತು. ಮುಂದಿನ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಈ ವ್ಯತ್ಯಾಸವೇ ನಡೆಸಿತು ಎಂದರೆ ತಪ್ಪಾಗಲಾರದು.

ರೆಸಿಡೆಂಟ್ ಎಂದರೆ ಯಾರು

ಅಬು ಬಕರ್ ಬದುಕಿನುದ್ದಕ್ಕೂ ದೂರವಿಡಲು ಹೆಣಗಿದ್ದು ಯಾವುದನ್ನು ಎಂದು ತಿಳಿಯಬೇಕಾದರೆ ರೆಸಿಡೆಂಟ್ ಎಂಬ ಹುದ್ದೆಯನ್ನು ಅರ್ಥಮಾಡಿಕೊಳ್ಳಬೇಕು. ಕನ್ನಡಿಗರಿಗೆ ಇದು ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿನ ಒಡೆಯರ ಆಸ್ಥಾನಕ್ಕೆ ಬ್ರಿಟಿಷರು ರೆಸಿಡೆಂಟನನ್ನು ನೇಮಿಸಿದರು; 1831ರಲ್ಲಿ ದುರಾಡಳಿತದ ಕಾರಣ ಹೇಳಿ ರಾಜ್ಯವನ್ನೇ ಕೈಗೆ ತೆಗೆದುಕೊಂಡರು; ಐವತ್ತು ವರ್ಷಗಳ ನಂತರ 1881ರಲ್ಲಿ ಅದನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಾಜನನ್ನು ಸಿಂಹಾಸನದಲ್ಲಿ ಉಳಿಸಿ, ನಿರ್ಧಾರಗಳನ್ನು ಪಕ್ಕದಲ್ಲಿ ಕುಳಿತವನಿಂದ ಮಾಡಿಸುವ ಈ ವ್ಯವಸ್ಥೆಯನ್ನು ಬ್ರಿಟಿಷರು ಭಾರತದಲ್ಲಿ ಬಳಸಿ ಪಳಗಿ, ಆಮೇಲೆ ಮಲಯಕ್ಕೆ ಒಯ್ದರು.

ಮಲಯದಲ್ಲಿ ಅದು ಆರಂಭವಾದದ್ದು 1874ರ ಜನವರಿ 20ರ ಪಂಗ್ಕೋರ್ ಒಪ್ಪಂದದಿಂದ. ತವರದ ಗಣಿಗಳಿದ್ದ ಪೆರಾಕ್ ರಾಜ್ಯದಲ್ಲಿ ಪಟ್ಟಕ್ಕಾಗಿ ಜಗಳ ನಡೆಯುತ್ತಿತ್ತು. ಬ್ರಿಟಿಷರು ಅಬ್ದುಲ್ಲಾ ಎಂಬುವನನ್ನು ಸುಲ್ತಾನನೆಂದು ಒಪ್ಪಿಕೊಂಡು, ಪ್ರತಿಯಾಗಿ ಅವನಿಂದ ಒಂದು ವಚನ ಪಡೆದರು. ಮಲಯರ ಧರ್ಮ ಮತ್ತು ಸಂಪ್ರದಾಯಗಳನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ರೆಸಿಡೆಂಟನ ಸಲಹೆಯನ್ನು ಕೇಳಬೇಕು, ಕೇಳಿದಂತೆ ನಡೆಯಲೂಬೇಕು ಎಂಬುದೇ ಆ ವಚನ. ತೆರಿಗೆ ಎತ್ತುವುದರಿಂದ ಹಿಡಿದು ನ್ಯಾಯ ಹೇಳುವವರೆಗೆ ಎಲ್ಲವೂ ಆ ಉಳಿದೆಲ್ಲದರಲ್ಲಿ ಸೇರಿಕೊಂಡಿತು. ಮೊದಲ ರೆಸಿಡೆಂಟ್ ಜೇಮ್ಸ್ ಬರ್ಚ್ ಅವಸರದ ಮನುಷ್ಯ. 1875ರ ನವೆಂಬರ್ 2ರಂದು ಪಾಸಿರ್ ಸಲಾಕ್ ಎಂಬ ಊರಿನಲ್ಲಿ ಅವನ ಕೊಲೆಯಾಯಿತು. ಬ್ರಿಟಿಷರು ಸೇನೆ ಕಳುಹಿಸಿದರು. ಸುಲ್ತಾನ ಅಬ್ದುಲ್ಲಾನನ್ನು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಿಗೆ ಗಡಿಪಾರು ಮಾಡಿದರು. ಪಟ್ಟಕ್ಕೆ ಎದುರುವಾದಿಯಾಗಿದ್ದ ಇಸ್ಮಾಯಿಲ್‌ನನ್ನು ಕಾವಲಿನಲ್ಲಿಡಲು ಅವರು ಕಳುಹಿಸಿದ್ದು ಜೊಹೊರ್‌ಗೆ, ಅಬು ಬಕರ್‌ನ ಸುಪರ್ದಿಗೆ.

ಸೆಲಂಗೋರ್ ಮತ್ತು ಸುಂಗೈ ಉಜೋಂಗ್‌ಗಳಿಗೂ 1874ರಲ್ಲೇ ರೆಸಿಡೆಂಟರು ಹೋದರು. 1888ರಲ್ಲಿ ಪಹಾಂಗ್‌ನ ಸರದಿ ಬಂತು. ಜೊಹೊರ್‌ಗೆ ಮಾತ್ರ ಯಾರೂ ಬರಲಿಲ್ಲ.

ತೆಲೊಕ್ ಬ್ಲಾಂಗಾದ ಹುಡುಗ

ಅಬು ಬಕರ್ ಹುಟ್ಟಿದ್ದು 1833ರ ಫೆಬ್ರವರಿ 3ರಂದು, ಸಿಂಗಾಪುರದ ತೆಲೊಕ್ ಬ್ಲಾಂಗಾದಲ್ಲಿ. ಅವನ ಮನೆತನ ಅಲ್ಲಿ ನೆಲೆಸಿತ್ತು. ಬೆಂಜಮಿನ್ ಕೀಸ್ಬೆರಿ ಎಂಬ ಪಾದ್ರಿಯ ಶಾಲೆಯಲ್ಲಿ ಅವನು ಮಲಯ ಭಾಷೆಯ ಜೊತೆಗೆ ಇಂಗ್ಲಿಷ್ ಕಲಿತನು. ಅರಮನೆಯ ಗೋಡೆಯೊಳಗೆ ಬೆಳೆದ ಮಲಯ ರಾಜಕುಮಾರರಿಗೂ ಅವನಿಗೂ ಇದ್ದ ದೊಡ್ಡ ವ್ಯತ್ಯಾಸವೆಂದರೆ, ಬ್ರಿಟಿಷ್ ವರ್ತಕರು, ವಕೀಲರು, ಪತ್ರಿಕೆಯವರು ಹೇಗೆ ಯೋಚಿಸುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾರ ಮಾತು ಯಾರ ಬಳಿ ನಡೆಯುತ್ತದೆ ಎಂಬುದನ್ನು ಅವನು ಚಿಕ್ಕಂದಿನಿಂದ ಹತ್ತಿರದಿಂದ ಕಂಡಿದ್ದನು.

ತಂದೆ ದಾಯಿಂಗ್ ಇಬ್ರಾಹಿಂ ಚತುರ ವ್ಯವಹಾರಸ್ಥ. 1840ರ ದಶಕದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಕೆಯಾಗಿ ಗಟ್ಟಾ ಪರ್ಚಾ ಎಂಬ ಮರದ ಹಾಲು ಬೇಕಾಗತೊಡಗಿತು. ಜೊಹೊರ್‌ನ ಕಾಡಿನಲ್ಲಿ ಆ ಮರ ಧಾರಾಳವಾಗಿತ್ತು. ಇಬ್ರಾಹಿಂ ಆ ವ್ಯಾಪಾರದಲ್ಲಿ ಸಾಕಷ್ಟು ಹಣ ಮಾಡಿದನು. 1855ರಲ್ಲಿ ಬ್ರಿಟಿಷರ ಮಧ್ಯಸ್ಥಿಕೆಯಲ್ಲಿ ಹುಸೇನನ ಮಗ ಅಲಿಯ ಜೊತೆ ಒಪ್ಪಂದವಾಯಿತು. ಅಲಿಗೆ ಸುಲ್ತಾನನೆಂಬ ಬಿರುದು, 5,000 ಸ್ಪ್ಯಾನಿಷ್ ಡಾಲರ್ ನಗದು, ತಿಂಗಳಿಗೆ 500 ಡಾಲರ್ ಮತ್ತು ಮುವಾರ್ ಸೀಮೆಯ ಸಣ್ಣ ಭಾಗ. ಉಳಿದ ಇಡೀ ಜೊಹೊರ್‌ನ ಆಡಳಿತ ತೆಮೆಂಗ್ಗೊಂಗ್‌ಗೆ. 1862ರ ಜನವರಿಯಲ್ಲಿ ಇಬ್ರಾಹಿಂ ತೀರಿಕೊಂಡಾಗ ಅಬು ಬಕರ್‌ಗೆ ಇಪ್ಪತ್ತೆಂಟು ವರ್ಷ.

ನದಿ, ಕರಿಮೆಣಸು ಮತ್ತು ಅಫೀಮು

ರಾಜ್ಯವೊಂದನ್ನು ಆಧುನಿಕವಾಗಿ ನಡೆಸಲು ಹಣ ಬೇಕು. ಜೊಹೊರ್‌ನಲ್ಲಿ ಪೆರಾಕ್‌ನಂತೆ ಹೇಳಿಕೊಳ್ಳುವಷ್ಟು ತವರವಿರಲಿಲ್ಲ, ಜನಸಂಖ್ಯೆಯೂ ವಿರಳವಾಗಿತ್ತು. ಹಣ ಎಲ್ಲಿಂದ ಬಂತು ಎಂಬುದು ಅಬು ಬಕರ್‌ನ ಕಥೆಯ ಹೃದಯಭಾಗ. ಅವನ ಪದಕ, ಪ್ರವಾಸ, ಅರಮನೆಗಳ ವರ್ಣನೆಯ ಭರದಲ್ಲಿ ಇದು ಮರೆಯಾಗುವುದೇ ಹೆಚ್ಚು.

ಗ್ಯಾಂಬಿಯರ್ ಎಂಬುದೊಂದು ಪೊದೆ. ಅದರ ಎಲೆಗಳನ್ನು ದೊಡ್ಡ ಕಡಾಯಿಗಳಲ್ಲಿ ಗಂಟೆಗಟ್ಟಲೆ ಕುದಿಸಿ, ರಸವನ್ನು ಬತ್ತಿಸಿ, ಗಟ್ಟಿಯಾದ ಮೇಲೆ ತುಂಡು ಮಾಡಿ ಒಣಗಿಸುತ್ತಾರೆ. ನಮ್ಮಲ್ಲಿ ಎಲೆಯಡಿಕೆಗೆ ಕಾಚು ಹಾಕುವಂತೆ ಆ ಸೀಮೆಯವರು ಇದನ್ನು ವೀಳ್ಯದೊಡನೆ ಮೆಲ್ಲುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಚರ್ಮ ಹದಮಾಡುವ ಕಾರ್ಖಾನೆಗಳು ಮತ್ತು ಬಣ್ಣ ಹಾಕುವವರು ಇದನ್ನು ಕೊಳ್ಳತೊಡಗಿದಾಗ ಬೇಡಿಕೆ ಏರಿತು. ಕುದಿಸಿ ಉಳಿದ ಎಲೆಯ ಚರಟವನ್ನು ಕರಿಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಆದ್ದರಿಂದ ಎರಡೂ ಬೆಳೆಗಳು ಒಂದೇ ತೋಟದಲ್ಲಿ ಜೋಡಿಯಾಗಿ ಬೆಳೆದವು. ತೊಂದರೆಯೆಂದರೆ ಗ್ಯಾಂಬಿಯರ್ ನೆಲದ ಸತ್ವವನ್ನು ಹೀರಿಬಿಡುತ್ತದೆ, ಕುದಿಸಲು ಬೇಕಾಗುವ ಸೌದೆ ಸುತ್ತಲಿನ ಕಾಡನ್ನು ತಿಂದುಹಾಕುತ್ತದೆ. ಹೀಗೆ ಸಿಂಗಾಪುರ ದ್ವೀಪದ ನೆಲ ಸೊರಗಿದಾಗ, ಅಲ್ಲಿನ ಚೀನೀ ಬೆಳೆಗಾರರು ಜಲಸಂಧಿ ದಾಟಿ ಜೊಹೊರ್‌ನ ಕಾಡಿಗೆ ಬರತೊಡಗಿದರು.

ಅವರನ್ನು ಒಳಗೆ ಬಿಟ್ಟುಕೊಳ್ಳಲು ದಾಯಿಂಗ್ ಇಬ್ರಾಹಿಂ 1844ರಿಂದ ನದಿ ಪತ್ರ ಎಂಬ ಪರವಾನಗಿ ಕೊಡಲಾರಂಭಿಸಿದ್ದನು. ಒಂದು ನದಿಯ ಕಣಿವೆಯನ್ನು ಒಬ್ಬ ಚೀನೀ ಮುಖಂಡನಿಗೆ ವಹಿಸಿಕೊಡುವ ಪತ್ರ ಅದು. ಆ ಮುಖಂಡನನ್ನು ಕಾಂಗ್‌ಚು ಎನ್ನುತ್ತಿದ್ದರು. ಅವನು ಸಿಂಗಾಪುರದ ಸಾಹುಕಾರರಿಂದ ಬಂಡವಾಳ ತಂದು, ಕೂಲಿಗಳನ್ನು ಕರೆಸಿ, ಕಾಡು ಕಡಿದು, ತೋಟ ಎಬ್ಬಿಸಿ, ದೊರೆಗೆ ಸುಂಕ ಕೊಡಬೇಕು. ಬದಲಾಗಿ ಆ ನದಿಯ ಮೇಲೆ ಅಫೀಮು, ಹೆಂಡ, ಹಂದಿಮಾಂಸಗಳ ಮಾರಾಟ, ಜೂಜುಕಟ್ಟೆ ಮತ್ತು ಗಿರವಿ ಅಂಗಡಿ ನಡೆಸುವ ಹಕ್ಕುಗಳು ಅವನ ಕೈಗೆ ಬರುತ್ತಿದ್ದವು. ಅಬು ಬಕರ್ ಈ ಪದ್ಧತಿಯನ್ನು ತಂದೆಗಿಂತ ವಿಸ್ತಾರವಾಗಿ ಬೆಳೆಸಿದನು. 1873ರಲ್ಲಿ ಕಾಂಗ್‌ಚುಗಳ ಹಕ್ಕು ಹೊಣೆಗಳನ್ನು ಲಿಖಿತ ಕಾನೂನಾಗಿ ಹೊರಡಿಸಿದನು. ಅವನ ನಂಬಿಗಸ್ತನಾಗಿದ್ದ ತಾನ್ ಹಿಯೋಕ್ ನೀ ಎಂಬ, ತಿಯೊಚು ಪಂಗಡದ ಚೀನೀ ಹಲವು ನದಿಗಳನ್ನು ತೆರೆದು, ಜೊಹೊರ್‌ನ ಚೀನೀ ಸಮುದಾಯದ ಅಧಿಕೃತ ಮುಖ್ಯಸ್ಥನ ಬಿರುದನ್ನೂ ಪಡೆದನು. ಜೊಹೊರ್ ಬಾರು ನಗರದ ಒಂದು ಹಳೆಯ ಬೀದಿಗೆ ಇಂದಿಗೂ ಅವನದೇ ಹೆಸರು. ಬ್ರಿಟಿಷ್ ವಸಾಹತುಗಳಲ್ಲಿ ರಹಸ್ಯ ಸಂಘವೆಂದು ಅನುಮಾನದಿಂದ ನೋಡುತ್ತಿದ್ದ ಎನ್ಘೀ ಹೆಂಗ್ ಎಂಬ ಚೀನೀ ಸಂಘವನ್ನು ಅಬು ಬಕರ್ ಬಹಿರಂಗವಾಗಿ ಒಪ್ಪಿಕೊಂಡು, ಬೇರೆ ಯಾವ ಸಂಘಕ್ಕೂ ರಾಜ್ಯದಲ್ಲಿ ಅವಕಾಶ ಕೊಡಲಿಲ್ಲ. ಇದರಿಂದ, ಪೆರಾಕ್ ಮತ್ತು ಸೆಲಂಗೋರ್‌ಗಳಲ್ಲಿ ಚೀನೀ ಸಂಘಗಳ ನಡುವೆ ನಡೆದ ರಕ್ತಪಾತ ಜೊಹೊರ್‌ನಲ್ಲಿ ನಡೆಯಲಿಲ್ಲ. ಬ್ರಿಟಿಷರು ಬೇರೆಡೆ ಕಾಲಿಡಲು ಮುಂದೊಡ್ಡಿದ ನೆಪವೂ ಇದರಿಂದ ತಪ್ಪಿತು.

ಬೊಕ್ಕಸ ತುಂಬುತ್ತಿದ್ದ ರೀತಿಯನ್ನು ನಮ್ಮ ಊರಿನ ಸಂತೆ ಸುಂಕದ ಹರಾಜಿಗೆ ಹೋಲಿಸಬಹುದು. ಪಂಚಾಯಿತಿ ತಾನೇ ಅಂಗಡಿಯಿಂದ ಅಂಗಡಿಗೆ ಹೋಗಿ ಸುಂಕ ಎತ್ತದೆ, ಎತ್ತುವ ಹಕ್ಕನ್ನು ಹೆಚ್ಚು ಕೂಗಿದವನಿಗೆ ಕೊಟ್ಟು ಒಟ್ಟು ಮೊತ್ತ ಪಡೆಯುತ್ತದಲ್ಲವೇ? ಅದೇ ರೀತಿ ಅಫೀಮು ಮಾರುವ ಏಕಸ್ವಾಮ್ಯವನ್ನು ಶ್ರೀಮಂತ ಚೀನೀ ವರ್ತಕರ ಕೂಟಗಳು ಹರಾಜಿನಲ್ಲಿ ಹಿಡಿಯುತ್ತಿದ್ದವು. ವ್ಯತ್ಯಾಸವಿರುವುದು ಮಾರಾಟವಾಗುತ್ತಿದ್ದ ಸರಕಿನಲ್ಲಿ. ಮನೆಮಠ ಬಿಟ್ಟು ಬಂದು, ಕಾಡಿನ ನಡುವೆ ಸಾಲದಲ್ಲಿ ಮುಳುಗಿ, ಜ್ವರ ಮತ್ತು ಮೈಕೈ ನೋವಿಗೆ ಅಫೀಮಿನ ಹೊಗೆಯನ್ನೇ ಮದ್ದಾಗಿಸಿಕೊಂಡ ಕೂಲಿಯ ಕೂಲಿಹಣ, ಕಾಂಗ್‌ಚು ಮತ್ತು ಗುತ್ತಿಗೆದಾರರ ಮೂಲಕ ಮತ್ತೆ ದೊರೆಯ ಬೊಕ್ಕಸಕ್ಕೇ ಬರುತ್ತಿತ್ತು. ಪಕ್ಕದ ಸಿಂಗಾಪುರದ ಬ್ರಿಟಿಷ್ ಸರ್ಕಾರವೂ ಅಫೀಮಿನ ಹಣದ ಮೇಲೆಯೇ ನಡೆಯುತ್ತಿದ್ದುದರಿಂದ ಈ ವಿಚಾರದಲ್ಲಿ ಅಬು ಬಕರ್‌ಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇಂದಿಗೂ ಜೊಹೊರ್‌ನ ರಾಜಲಾಂಛನದಲ್ಲಿ ಗ್ಯಾಂಬಿಯರ್ ಮತ್ತು ಕರಿಮೆಣಸಿನ ಎಲೆಗಳಿವೆ. ಅಫೀಮಿನ ಗುರುತು ಲಾಂಛನದಲ್ಲಿ ಇಲ್ಲ.

ಮೂರು ಬಿರುದುಗಳು

ತೆಮೆಂಗ್ಗೊಂಗ್ ಎಂದರೆ ಎಷ್ಟೇ ಆದರೂ ಮತ್ತೊಬ್ಬನ ಅಧಿಕಾರಿ. ಆ ಸ್ಥಾನದಿಂದ ಮೇಲೇರಲು ಅಬು ಬಕರ್ ಕಾಲು ಶತಮಾನ ತೆಗೆದುಕೊಂಡನು, ಪ್ರತಿ ಹೆಜ್ಜೆಗೂ ಎರಡು ಕಡೆಯಿಂದ ಒಪ್ಪಿಗೆ ಪಡೆದನು: ಒಂದು ಮಲಯ ಸಂಪ್ರದಾಯದ ಕಡೆಯಿಂದ, ಇನ್ನೊಂದು ಲಂಡನ್ನಿನಿಂದ.

1866ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನು ಕಂಡನು. ಅವನಿಗೆ ಸಿಕ್ಕಿದ್ದು ಭಾರತದ ರಾಜರಿಗೆಂದು ಸ್ಥಾಪಿಸಿದ್ದ ಸ್ಟಾರ್ ಆಫ್ ಇಂಡಿಯಾ ಪದವಿ. ಮಲಯದವನಿಗೆ ಭಾರತದ ಪದಕವೇಕೆ ಎಂದರೆ, ಸಿಂಗಾಪುರ, ಮೆಲಕ, ಪೆನಾಂಗ್‌ಗಳನ್ನೊಳಗೊಂಡ ಜಲಸಂಧಿ ವಸಾಹತುಗಳು ಆಗಿನ್ನೂ ಕಲ್ಕತ್ತೆಯ ಸರ್ಕಾರಕ್ಕೆ ಸೇರಿದ್ದವು. ಅವು ಲಂಡನ್ನಿನ ವಸಾಹತು ಕಚೇರಿಯ ನೇರ ಆಡಳಿತಕ್ಕೆ ಹೋದದ್ದು 1867ರ ಏಪ್ರಿಲ್ 1ರಂದು. ಅದೇ 1866ರಲ್ಲಿ, ತಂದೆ ಜಲಸಂಧಿಯ ದಂಡೆಯಲ್ಲಿ ಕಟ್ಟಲಾರಂಭಿಸಿದ್ದ ತಂಜುಂಗ್ ಪುತೆರಿ ಎಂಬ ಊರಿಗೆ ಜೊಹೊರ್ ಬಾರು ಎಂದು ಹೊಸ ಹೆಸರು ಬಂತು.

ಹಿಂದಿರುಗಿದ ಮೇಲೆ ಅವನು ತನ್ನ ಕಡೆಯವರನ್ನು ರಿಯಾವುವಿನ ಹೆಸರಾಂತ ವಿದ್ವಾಂಸ ರಾಜಾ ಅಲಿ ಹಾಜಿಯ ಬಳಿಗೆ ಕಳುಹಿಸಿ, ತನ್ನ ವಂಶಕ್ಕೆ ಇನ್ನೂ ಎತ್ತರದ ಬಿರುದು ಸಲ್ಲುತ್ತದೆಯೇ ಎಂದು ವಂಶಾವಳಿ ನೋಡಿಸಿದನು. ಅಲ್ಲಿಂದ ಅನುಕೂಲದ ಉತ್ತರ ಬಂದ ಮೇಲೆ 1868ರಲ್ಲಿ ಮಹಾರಾಜನೆಂಬ ಬಿರುದು ಧರಿಸಿದನು. ಸಂಸ್ಕೃತ ಮೂಲದ ಆ ಪದ ಮಲಯ ಆಸ್ಥಾನಗಳಿಗೆ ಹಳೆಯದೇ, ಬ್ರಿಟಿಷರ ಕಿವಿಗೂ ಪರಿಚಿತವಾದದ್ದು.

1877ರಲ್ಲಿ ಬಿರುದಿನ ಸುಲ್ತಾನ ಅಲಿ ತೀರಿಕೊಂಡನು. ಮುವಾರ್ ಸೀಮೆಯನ್ನು ಅಬು ಬಕರ್‌ನ ಆಡಳಿತಕ್ಕೆ ಸೇರಿಸಲಾಯಿತು. ಇದನ್ನು ಒಪ್ಪದ ಅಲಿಯ ಮಗನ ಪಕ್ಷದವರು 1879ರಲ್ಲಿ ಜೆಮೆಂತಾದಲ್ಲಿ ಕತ್ತಿ ಎತ್ತಿ ಸೋತರು. ಆ ಬಳಿಕ ಸುಲ್ತಾನ ಪಟ್ಟಕ್ಕೆ ಅಡ್ಡಿಯಾಗುವವರು ಮಲಯರಲ್ಲಿ ಯಾರೂ ಉಳಿಯಲಿಲ್ಲ. ಉಳಿದದ್ದು ಸಿಂಗಾಪುರದ ಗವರ್ನರ್ ಫ್ರೆಡೆರಿಕ್ ವೆಲ್ಡ್. ಜೊಹೊರ್‌ನಲ್ಲೂ ಬ್ರಿಟಿಷ್ ಅಧಿಕಾರಿಯೊಬ್ಬನನ್ನು ಕೂರಿಸಬೇಕೆಂಬುದು ಅವನ ಹಟವಾಗಿತ್ತು.

ಅಬು ಬಕರ್ ಗವರ್ನರನ ಜೊತೆ ವಾದಕ್ಕೆ ಇಳಿಯದೆ ನೇರವಾಗಿ ಲಂಡನ್ನಿಗೆ ಹೋಗಿ ಕುಳಿತನು. 1885ರ ಡಿಸೆಂಬರ್ 11ರಂದು ವಸಾಹತು ಕಚೇರಿಯೊಡನೆ ಆದ ಒಪ್ಪಂದದಲ್ಲಿ ಬ್ರಿಟನ್ ಅವನನ್ನು ಜೊಹೊರ್ ರಾಜ್ಯ ಮತ್ತು ಪ್ರದೇಶದ ಸುಲ್ತಾನನೆಂದು ಒಪ್ಪಿಕೊಂಡಿತು, ಹೊರಗಿನ ದಾಳಿಯಿಂದ ಕಾಪಾಡುವ ಮಾತು ಕೊಟ್ಟಿತು. ಬದಲಿಗೆ ಅವನು ವಿದೇಶ ವ್ಯವಹಾರವನ್ನು ಬ್ರಿಟನ್ನಿನ ಕೈಗೆ ಒಪ್ಪಿಸಿದನು. ಒಬ್ಬ ಬ್ರಿಟಿಷ್ ಏಜೆಂಟನನ್ನು ನೇಮಿಸಬಹುದೆಂಬ ಮಾತೂ ಒಪ್ಪಂದದಲ್ಲಿತ್ತು. ಆದರೆ ಅವನಿಗೆ ಕಾನ್ಸಲ್‌ನಷ್ಟು, ಅಂದರೆ ತನ್ನ ದೇಶದ ಪ್ರತಿನಿಧಿಯಷ್ಟು, ಕೆಲಸವೇ ಹೊರತು ಆಡಳಿತದಲ್ಲಿ ಕೈಹಾಕುವ ಹಕ್ಕಿರಲಿಲ್ಲ, ಮೇಲಾಗಿ ಅಬು ಬಕರ್ ಬದುಕಿರುವ ತನಕ ಅಂಥವನನ್ನು ಕಳುಹಿಸಲೂ ಇಲ್ಲ. 1886ರ ಜುಲೈ 29ರಂದು ಪಟ್ಟಾಭಿಷೇಕವಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಜೊಹೊರ್ ಸಲಹಾ ಮಂಡಳಿಯೊಂದನ್ನು ಸ್ಥಾಪಿಸಿ, ಪ್ರಭಾವಿ ಇಂಗ್ಲಿಷರ ಮೂಲಕ ತನ್ನ ಮಾತನ್ನು ವಸಾಹತು ಕಚೇರಿಗೆ ಮುಟ್ಟಿಸುವ ಏರ್ಪಾಡನ್ನೂ ಅವನು ಮಾಡಿಕೊಂಡನು.

ಈ ನಡುವೆ ಮನೆಯೊಳಗಿನ ಆಡಳಿತವನ್ನೂ ಅವನು ಬ್ರಿಟಿಷರಿಗೆ ಅರ್ಥವಾಗುವ ಭಾಷೆಗೆ ತಿದ್ದಿದ್ದನು. ದಫ್ತರಗಳು, ನ್ಯಾಯಾಲಯಗಳು, ಪೊಲೀಸು, ಅಂಚೆ, ಶಾಲೆಗಳು ಬಂದವು. ಇಂಗ್ಲಿಷ್ ಬಲ್ಲ ಮಲಯ ಅಧಿಕಾರಿಗಳ ಒಂದು ತಂಡವೇ ಬೆಳೆಯಿತು. ಅವರಲ್ಲಿ ಮುಖ್ಯರು, ದೀರ್ಘಕಾಲ ಮುಖ್ಯಮಂತ್ರಿಯಾಗಿದ್ದ ಜಾಫರ್ ಬಿನ್ ಹಾಜಿ ಮುಹಮ್ಮದ್ ಮತ್ತು ಕಾನೂನಿನ ಕಸುಬುದಾರ ಅಬ್ದುಲ್ ರಹಮಾನ್ ಅಂದಾಕ್. ಪೆರಾಕ್‌ನಲ್ಲಿ ರೆಸಿಡೆಂಟ್ ಬಂದು ಮಾಡುವ ಕೆಲಸವನ್ನೆಲ್ಲ ಇಲ್ಲಿ ಮೊದಲೇ ಮಾಡಿ ಮುಗಿಸಿದ್ದರಿಂದ, ರೆಸಿಡೆಂಟ್ ಏಕೆ ಬೇಕು ಎಂದು ಲಂಡನ್ನಿಗೆ ಒಪ್ಪಿಸಿ ಹೇಳುವುದು ಗವರ್ನರನಿಗೆ ಕಷ್ಟವಾಯಿತು.

ಲೋಕ ಸುತ್ತಿದ ದೊರೆ

ಅಬು ಬಕರ್‌ನಷ್ಟು ತಿರುಗಾಡಿದ ಏಷ್ಯಾದ ದೊರೆಗಳು ಆ ಕಾಲದಲ್ಲಿ ಕಡಿಮೆ. ಯುರೋಪಿಗೆ ಹಲವು ಸಲ ಹೋದನು. 1883ರಲ್ಲಿ ಚೀನಾ ಮತ್ತು ಜಪಾನ್‌ಗಳಿಗೆ ಹೋಗಿ ಮೇಜಿ ಚಕ್ರವರ್ತಿಯನ್ನು ಕಂಡನು. 1893ರಲ್ಲಿ ಇಸ್ತಾಂಬುಲ್‌ನಲ್ಲಿ ಒಟ್ಟೊಮನ್ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್‌ನ ಆತಿಥ್ಯ ಪಡೆದನು. ಹವಾಯಿ ದ್ವೀಪಗಳ ದೊರೆ ಕಲಾಕಾವುವಾ 1881ರ ಲೋಕಪ್ರವಾಸದಲ್ಲಿ ಜೊಹೊರ್‌ಗೆ ಬಂದು ಅವನ ಅತಿಥಿಯಾದನು. ಅಬು ಬಕರ್‌ನ ಪತ್ನಿಯರಲ್ಲಿ ಒಬ್ಬಳು ಬಾಲಿಯಲ್ಲಿ ವ್ಯಾಪಾರ ನಡೆಸುತ್ತಿದ್ದ ಡೆನ್ಮಾರ್ಕ್‌ನ ವರ್ತಕ ಮ್ಯಾಡ್ಸ್ ಲಾಂಗೆಯ ಮಗಳು, ಇನ್ನೊಬ್ಬಳು ಚೀನೀ ಮೂಲದವಳು. ಪಟ್ಟಕ್ಕೆ ಬಂದ ಮಗ ಇಬ್ರಾಹಿಂ ಲಾಂಗೆಯ ಮಗಳಲ್ಲಿ ಹುಟ್ಟಿದವನು.

ಇದು ಬರೀ ಶೋಕಿಯೇ? ಶೋಕಿಯೂ ಇತ್ತು, ಖರ್ಚು ರಾಜ್ಯಕ್ಕೆ ಭಾರವೂ ಆಯಿತು. ಆದರೆ ಚಕ್ರವರ್ತಿಗಳ ಪಕ್ಕದಲ್ಲಿ ಸಮಾನನಾಗಿ ಕುಳಿತವನನ್ನು ಊರಿಗೆ ಬಂದ ಮೇಲೆ ಜಿಲ್ಲಾಧಿಕಾರಿಯಂಥ ಒಬ್ಬ ಸಲಹೆಗಾರನ ಕೆಳಗೆ ಕೂರಿಸುವುದು ಸುಲಭವಲ್ಲ ಎಂಬ ಲೆಕ್ಕವೂ ಅದರೊಳಗಿತ್ತು.

ಆಲ್ಬರ್ಟ್ ಬೇಕರ್ ಎಂಬ ಹೆಸರಿನ ಮೊಕದ್ದಮೆ

ಅಬು ಬಕರ್‌ನ ಹೆಸರು ಲೋಕದ ಕಾನೂನು ಪುಸ್ತಕಗಳಲ್ಲಿ ಉಳಿದದ್ದು ಅವನು ಬಯಸದ ಒಂದು ಕಾರಣಕ್ಕೆ. ಇಂಗ್ಲೆಂಡಿನಲ್ಲಿದ್ದಾಗ ಅವನು ಆಲ್ಬರ್ಟ್ ಬೇಕರ್ ಎಂಬ ಹೆಸರಿನಲ್ಲಿ ಸಾಮಾನ್ಯನಂತೆ ಓಡಾಡುವುದಿತ್ತು. ಮಿಘೆಲ್ ಎಂಬ ಮನೆತನದ ಹೆಸರಿನ ಮಹಿಳೆಯೊಬ್ಬಳು, ಅವನು ತನ್ನನ್ನು ಮದುವೆಯಾಗುವುದಾಗಿ ಮಾತು ಕೊಟ್ಟು ತಪ್ಪಿದನೆಂದು ಲಂಡನ್ನಿನಲ್ಲಿ ಪರಿಹಾರದ ದಾವೆ ಹೂಡಿದಳು. ಮಿಘೆಲ್ ವಿರುದ್ಧ ಜೊಹೊರ್‌ನ ಸುಲ್ತಾನ ಎಂದು ಪ್ರಸಿದ್ಧವಾದ ಈ ಮೊಕದ್ದಮೆಯ ತೀರ್ಪು 1894ರ ಕಾನೂನು ವರದಿಗಳಲ್ಲಿದೆ.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಮಾತು ತಪ್ಪಿದ್ದು ನಿಜವೋ ಸುಳ್ಳೋ ಎಂಬುದಲ್ಲ. ಆ ಪ್ರಶ್ನೆಗೆ ವಿಚಾರಣೆ ತಲುಪಲೇ ಇಲ್ಲ. ಒಂದು ದೇಶದ ಸಾರ್ವಭೌಮನನ್ನು ಇನ್ನೊಂದು ದೇಶದ ನ್ಯಾಯಾಲಯ ಅವನ ಒಪ್ಪಿಗೆಯಿಲ್ಲದೆ ವಿಚಾರಿಸುವಂತಿಲ್ಲ ಎಂಬ ನಿಯಮವಿದೆ. ಹಾಗಾದರೆ ಅಬು ಬಕರ್ ಸಾರ್ವಭೌಮನೇ? ವಿದೇಶ ವ್ಯವಹಾರವನ್ನು 1885ರಲ್ಲಿ ಬ್ರಿಟನ್ನಿಗೆ ಬಿಟ್ಟುಕೊಟ್ಟವನು ಸಾರ್ವಭೌಮನಾಗಿ ಉಳಿಯುವುದು ಹೇಗೆ? ಸಾಮಾನ್ಯನ ಹೆಸರಿನಲ್ಲಿ ಬದುಕಿದವನು ತನ್ನ ರಕ್ಷಣೆಯನ್ನು ತಾನೇ ಬಿಟ್ಟುಕೊಟ್ಟಂತಾಗಲಿಲ್ಲವೇ?

ಮೊದಲ ಪ್ರಶ್ನೆಗೆ ಉತ್ತರವನ್ನು ನ್ಯಾಯಾಧೀಶರು ವಸಾಹತು ಕಚೇರಿಯಿಂದಲೇ ಕೇಳಿ ಪಡೆದರು. ಜೊಹೊರ್ ಸ್ವತಂತ್ರ ರಾಜ್ಯವೆಂದೂ, ಅಬು ಬಕರ್ ಅದರ ಸಾರ್ವಭೌಮ ದೊರೆಯೆಂದೂ ಕಚೇರಿಯ ಪತ್ರ ತಿಳಿಸಿತು. ಅವನು ನೆಲ ಜಲಗಳ ಮೇಲೆ ಸಶಸ್ತ್ರ ಪಡೆ ಇಟ್ಟಿದ್ದಾನೆ, ಅಂಚೆ ವ್ಯವಸ್ಥೆ ನಡೆಸುತ್ತಾನೆ, ಕ್ರಮಬದ್ಧ ನ್ಯಾಯಾಲಯಗಳ ಮೂಲಕ ನ್ಯಾಯ ಕೊಡುತ್ತಾನೆ, ಗೌರವ ಪದವಿಗಳನ್ನು ಸ್ಥಾಪಿಸಿದ್ದಾನೆ ಎಂಬ ವಿವರಗಳೂ ಅದರಲ್ಲಿದ್ದವು. ಆ ಪತ್ರವೇ ಅಂತಿಮ ಸಾಕ್ಷ್ಯವೆಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಒಪ್ಪಂದದ ಮೂಲಕ ಕೆಲವು ಅಧಿಕಾರಗಳನ್ನು ಚಲಾಯಿಸುವುದಿಲ್ಲ ಎಂದು ಒಪ್ಪಿಕೊಂಡ ಮಾತ್ರಕ್ಕೆ ಸಾರ್ವಭೌಮತ್ವ ಹೋಗುವುದಿಲ್ಲ. ಬೇರೆ ಹೆಸರಿನಲ್ಲಿ ಬದುಕಿದ್ದು ವಿಚಾರಣೆಗೆ ಒಪ್ಪಿಗೆ ಎನಿಸುವುದೂ ಇಲ್ಲ. ನ್ಯಾಯಾಲಯದ ಮುಂದೆ ಬಂದು ಸ್ವತಃ ಒಪ್ಪಿದರೆ ಮಾತ್ರ ವಿಚಾರಣೆ ಸಾಧ್ಯ ಎಂದು ತೀರ್ಪಾಯಿತು. ದಾವೆ ವಜಾ ಆಯಿತು. ಮುಂದೆ 1912ರಲ್ಲಿ ಬರೋಡೆಯ ಗಾಯಕವಾಡರನ್ನು ಇಂಗ್ಲೆಂಡಿನ ವಿಚ್ಛೇದನ ಮೊಕದ್ದಮೆಯೊಂದರಲ್ಲಿ ಸೇರಿಸಲು ಹೊರಟಾಗಲೂ ಇದೇ ಬಗೆಯ ವಿನಾಯಿತಿ ಅವರಿಗೆ ದೊರೆಯಿತು.

ಈ ತೀರ್ಪಿನಿಂದ ಅಬು ಬಕರ್ ಗೆದ್ದನೆಂದು ಹೇಳುವುದು ಸರಿಯೇ. ಆದರೆ ಗೆಲುವಿನ ಆಧಾರ ಯಾವುದೆಂದು ನೋಡಬೇಕು. ಅವನು ಸ್ವತಂತ್ರನೆಂದು ಸಾಬೀತಾದದ್ದು ಅವನ ಸೇನೆಯಿಂದಲೋ ಪ್ರಜೆಗಳ ಮಾತಿನಿಂದಲೋ ಅಲ್ಲ, ಬ್ರಿಟಿಷ್ ಸರ್ಕಾರದ ಒಂದು ಪತ್ರದಿಂದ. ಅಂಥ ಪತ್ರವನ್ನು ಬರೆಯುವ ಕಚೇರಿ ಮುಂದೊಂದು ದಿನ ಬೇರೆ ಥರದ ಪತ್ರವನ್ನೂ ಬರೆಯಬಹುದಾಗಿತ್ತು. ಅವನಿಗೇ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಂತೆ ತೋರುತ್ತದೆ.

1895ರ ಬರಹ

1895ರ ಏಪ್ರಿಲ್ 14ರಂದು ಜೊಹೊರ್ ತನ್ನ ಸಂವಿಧಾನವನ್ನು ಹೊರಡಿಸಿತು. ಮಲಯ ರಾಜ್ಯಗಳಲ್ಲಿ ಇದೇ ಮೊದಲ ಲಿಖಿತ ಸಂವಿಧಾನ; ಎರಡನೆಯದು, ತೆರೆಂಗಾನುವಿನದು, ಬಂದದ್ದು 1911ರಲ್ಲಿ. ಕರಡು ಬರೆಯುವುದರಲ್ಲಿ ಅಬ್ದುಲ್ ರಹಮಾನ್ ಅಂದಾಕ್‌ನ ಪಾತ್ರ ದೊಡ್ಡದು. ದೊರೆ ಮಲಯನೂ ಮುಸಲ್ಮಾನನೂ ರಾಜವಂಶದ ಪುರುಷನೂ ಆಗಿರಬೇಕು, ಇಸ್ಲಾಂ ರಾಜ್ಯದ ಧರ್ಮ, ದೊರೆಗೆ ನೆರವಾಗಲು ಒಂದು ಮಂತ್ರಿಮಂಡಳಿ ಮತ್ತು ಒಂದು ರಾಜ್ಯ ಸಭೆ ಇರಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಇದು ಪ್ರಜಾಪ್ರಭುತ್ವವಲ್ಲ, ಸಭೆಗೆ ಬರುವವರನ್ನು ಯಾರೂ ಚುನಾಯಿಸುತ್ತಿರಲಿಲ್ಲ.

ಅದರ ನಿಜವಾದ ಗುರಿ ತಿಳಿಯುವುದು ಇನ್ನೊಂದು ನಿಯಮದಿಂದ: ರಾಜ್ಯವನ್ನಾಗಲಿ ಅದರ ಭಾಗವನ್ನಾಗಲಿ ದೊರೆಯಾದವನು ಯಾವುದೇ ಯುರೋಪಿನ ಶಕ್ತಿಗೆ ಒಪ್ಪಿಸುವಂತಿಲ್ಲ. 1895 ಎಂದರೆ ಪೆರಾಕ್, ಸೆಲಂಗೋರ್, ನೆಗ್ರಿ ಸೆಂಬಿಲಾನ್, ಪಹಾಂಗ್‌ಗಳನ್ನು ಬ್ರಿಟಿಷರು ಒಂದೇ ಒಕ್ಕೂಟವಾಗಿ ಕಟ್ಟುತ್ತಿದ್ದ ವರ್ಷ. ಅಬು ಬಕರ್‌ನ ಆರೋಗ್ಯ ಕೆಟ್ಟಿತ್ತು, ಮಗ ಇಬ್ರಾಹಿಂಗೆ ಇನ್ನೂ ಇಪ್ಪತ್ತೊಂದು ವರ್ಷ. ಒತ್ತಡಕ್ಕೆ ಸಿಕ್ಕಿ ಮಗ ಸಹಿ ಹಾಕಿಬಿಡದಂತೆ, ಸಹಿ ಹಾಕುವ ಅಧಿಕಾರವನ್ನೇ ತಂದೆ ಕಾಗದದ ಮೇಲೆ ಕಟ್ಟಿಹಾಕಿದನು.

ಅದೇ ವರ್ಷದ ಜೂನ್ 4ರಂದು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿರುವ ಬೇಲಿಸ್ ಹೋಟೆಲಿನಲ್ಲಿ ಅಬು ಬಕರ್ ತೀರಿಕೊಂಡನು. ಪಾರ್ಥಿವ ಶರೀರವನ್ನು ಹಡಗಿನಲ್ಲಿ ತಂದು ಸೆಪ್ಟೆಂಬರ್‌ನಲ್ಲಿ ಜೊಹೊರ್ ಬಾರುವಿನಲ್ಲಿ ಮಣ್ಣು ಮಾಡಿದರು. 1892ರಲ್ಲಿ ಆರಂಭಿಸಿ ಅವನು ಮುಗಿಸದೆ ಬಿಟ್ಟ ದೊಡ್ಡ ಮಸೀದಿ 1900ರಲ್ಲಿ ಪೂರ್ಣಗೊಂಡು ಅವನ ಹೆಸರನ್ನೇ ಪಡೆಯಿತು.

ತಡೆ ಎಷ್ಟು ಕಾಲ ನಿಂತಿತು

ಒಂದು ಪೀಳಿಗೆಯಷ್ಟು ಕಾಲವೂ ಪೂರ್ತಿ ನಿಲ್ಲಲಿಲ್ಲ. ಪರ್ಯಾಯದ್ವೀಪದ ಉದ್ದಕ್ಕೂ ಹಾಕಿದ ರೈಲುಹಾದಿ 1909ರಲ್ಲಿ ಜೊಹೊರನ್ನು ದಾಟಿ ಜಲಸಂಧಿಯ ದಂಡೆ ಮುಟ್ಟಿತು. ಅದರ ಹಿಂದೆಯೇ ರಬ್ಬರ್ ತೋಟಗಳೂ ಬ್ರಿಟಿಷ್ ಬಂಡವಾಳವೂ ಬಂದವು. ತಂದೆಗಿದ್ದ ಲಂಡನ್ನಿನ ಗೆಳೆತನಗಳು ಮಗನಿಗಿರಲಿಲ್ಲ. ಬ್ರಿಟಿಷರ ಕಣ್ಣಿಗೆ ಮುಳ್ಳಾಗಿದ್ದ ಅಬ್ದುಲ್ ರಹಮಾನ್ ಅಂದಾಕ್‌ನನ್ನು ಸೇವೆಯಿಂದ ಬಿಡಿಸಿ ಪಿಂಚಣಿ ಕೊಟ್ಟು ದೂರ ಮಾಡಲಾಯಿತು. ಅವನು ಉಳಿದ ಆಯುಸ್ಸನ್ನು ಇಂಗ್ಲೆಂಡಿನಲ್ಲಿ ಕಳೆದನು. 1910ರಲ್ಲಿ ಡಗ್ಲಸ್ ಕ್ಯಾಂಪ್‌ಬೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಲಹೆಗಾರನಾಗಿ ಬಂದನು. 1914ರಲ್ಲಿ 1885ರ ಒಪ್ಪಂದವನ್ನೇ ತಿದ್ದಿ, ಸಾಮಾನ್ಯ ಸಲಹೆಗಾರ ಎಂಬ ಹುದ್ದೆಯವನ ಸಲಹೆಯನ್ನು ಸುಲ್ತಾನ ಪಾಲಿಸಲೇಬೇಕೆಂದು ಬರೆಯಲಾಯಿತು. ಕೆಲಸ ರೆಸಿಡೆಂಟನದೇ, ಹೆಸರು ಮಾತ್ರ ಬೇರೆ. ಮಲಯ ರಾಜ್ಯಗಳಲ್ಲಿ ತೀರ ತಡವಾಗಿ ಆ ಹಿಡಿತಕ್ಕೆ ಸಿಕ್ಕವುಗಳಲ್ಲಿ ಜೊಹೊರ್ ಒಂದು.

ಹಾಗಿದ್ದರೂ 1895ರ ಸಂವಿಧಾನವನ್ನು ಬ್ರಿಟಿಷರು ರದ್ದು ಮಾಡಲಿಲ್ಲ, ತಿದ್ದುಪಡಿಗಳೊಂದಿಗೆ ಅದು ಮುಂದುವರಿಯಿತು. ಜೊಹೊರ್ ಒಕ್ಕೂಟದೊಳಗೆ ಸೇರದೆ ಹೊರಗೇ ಉಳಿಯಿತು. ಅದರ ಆಡಳಿತದಲ್ಲಿ ಮಲಯ ಅಧಿಕಾರಿಗಳ ಪಾಲು ಒಕ್ಕೂಟದ ರಾಜ್ಯಗಳಿಗಿಂತ ಹೆಚ್ಚಾಗಿಯೇ ಇತ್ತು. 1957ರಲ್ಲಿ ಮಲಯ ಸ್ವತಂತ್ರವಾಗುವಾಗ ಸಿಂಹಾಸನದಲ್ಲಿದ್ದವನು, 1895ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಪಟ್ಟಕ್ಕೆ ಬಂದ ಅದೇ ಇಬ್ರಾಹಿಂ.